ಒಬ್ಬಂಟಿಯಾಗಿ ಅಟ್ಲಾಂಟಿಕ್ ದಾಟಿದ ಏಳು ರಾತ್ರಿಗಳು

ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ವಿಮಾನ ಬಿಟ್ಟು ಕ್ವೀನ್ ಮೇರಿ 2 ಹಡಗಿನಲ್ಲಿ ಹೋಗುವುದೆಂದು ನಿಶ್ಚಯಿಸಿದಾಗ ನನಗೆ ಮೊದಲು ದಿಗಿಲು ಹುಟ್ಟಿಸಿದ್ದು ದರಪಟ್ಟಿ. ಹಡಗಿನ ಕ್ಯಾಬಿನ್‌ಗಳಿಗೆ ಇಬ್ಬರಿರುವರೆಂಬ ಲೆಕ್ಕದಲ್ಲಿ ತಲಾ ಇಷ್ಟೆಂದು ದರ ಹೇಳುವುದು ವಾಡಿಕೆ; ಒಬ್ಬರೇ ಹೊರಟರೆ ಖಾಲಿ ಹಾಸಿಗೆಯ ಹಣದಲ್ಲೂ ದೊಡ್ಡ ಪಾಲನ್ನು ನಾವೇ ತೆರಬೇಕು. 2016ರ ನವೀಕರಣದಲ್ಲಿ ಒಬ್ಬರಿಗೆಂದೇ 15 ಕ್ಯಾಬಿನ್‌ಗಳನ್ನು ಸೇರಿಸಿದ್ದಾರಾದರೂ ನಾನು ವಿಚಾರಿಸುವ ಹೊತ್ತಿಗೆ ಅವು ಮುಗಿದಿದ್ದವು. ಕಡೆಗೆ ಕೆಳಗಿನ ಡೆಕ್ಕಿನಲ್ಲಿ, ಹಡಗಿನ ನಡುಭಾಗದಲ್ಲಿ, ಕಿಟಕಿಯಿಲ್ಲದ ಕ್ಯಾಬಿನ್ ಹಿಡಿದೆ. ಅಲೆಗಳಿಗೆ ಹಡಗು ತೂಗುವಾಗ ಏತದ ಮರದಂತೆ ತುದಿಗಳೇ ಹೆಚ್ಚು ಏರಿಳಿಯುತ್ತವೆ, ನಡುಭಾಗ ಅಷ್ಟಾಗಿ ಅಲುಗುವುದಿಲ್ಲ.

ಈ ಅರಿವಿದ್ದೂ ನಾನು ಎಡವಿದೆ. ಮೂರನೆಯ ದಿನ ಗಾಳಿ ಜೋರಾದಾಗಲೂ ಕ್ಯಾಬಿನ್ನಿನಲ್ಲಿ ಏನೂ ತೊಂದರೆಯಾಗದ್ದರಿಂದ ಧೈರ್ಯಗೊಂಡು ಗ್ರಂಥಾಲಯಕ್ಕೆ ಹೋದೆ. ಅದು ಇರುವುದು ಎಂಟನೆಯ ಡೆಕ್ಕಿನಲ್ಲಿ, ಹಡಗಿನ ಮುಂತುದಿಗೆ. ಅರ್ಧ ಪುಟ ಓದುವಷ್ಟರಲ್ಲಿ ವಾಕರಿಕೆ ಶುರುವಾಯಿತು. ಮಾತ್ರೆಯನ್ನು ವಾಕರಿಕೆ ಬರುವ ಮೊದಲೇ ನುಂಗಬೇಕೆಂಬುದನ್ನು ಕಲಿತದ್ದು ಆಗ. ಏಳನೆಯ ಡೆಕ್ಕಿಗಿಳಿದು, ಹಡಗನ್ನು ಸುತ್ತುವರಿದ ನಡಿಗೆಯ ಹಾದಿಯಲ್ಲಿ ದಿಗಂತವನ್ನೇ ನೋಡುತ್ತ ನಿಂತ ಮೇಲೆ ಹೊಟ್ಟೆ ಹದಕ್ಕೆ ಬಂತು.

ಊಟದ ವಿಷಯದಲ್ಲೂ ನನ್ನ ಮೊದಲ ಆಯ್ಕೆ ತಪ್ಪಿತ್ತು. ಸಂಕೋಚದಿಂದ ಒಬ್ಬರೇ ಕೂರುವ ಮೇಜನ್ನು ಕೇಳಿ ಪಡೆದಿದ್ದೆ. ಸುತ್ತಲಿನ ಮಾತುಗಳ ನಡುವೆ ಕುಳಿತು ಉಂಡ ಮೊದಲ ರಾತ್ರಿಯೇ ಅದು ಸಾಕೆನಿಸಿತು. ಮರುದಿನ ಊಟದ ಸಭಾಂಗಣದ ಮೇಲ್ವಿಚಾರಕರನ್ನು ಕಂಡು ಎಂಟು ಜನರ ಮೇಜಿಗೆ ಬದಲಾಯಿಸಿಕೊಂಡೆ. ನಾಲ್ವರ ಮೇಜಿನಲ್ಲಿ ಒಬ್ಬರೊಡನೆ ಹೊಂದದಿದ್ದರೂ ಏಳು ರಾತ್ರಿ ಸಹಿಸಬೇಕು. ಎಂಟರಲ್ಲಿ ಎಡಗಡೆಯವರು ಬೇಸರ ತರಿಸಿದರೆ ಬಲಗಡೆಯವರಿರುತ್ತಾರೆ.

ಪಶ್ಚಿಮಕ್ಕೆ ಹೋಗುವಾಗ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಒಂಟಿ ಪ್ರಯಾಣಿಕನಿಗೆ ಈ 25 ಗಂಟೆಯ ದಿನಗಳು ವರವೂ ಹೌದು, ಪರೀಕ್ಷೆಯೂ ಹೌದು: ನಿದ್ದೆ ತೀರಿದ ಮೇಲೂ ಬೆಳಗಾಗಿರುವುದಿಲ್ಲ. ಅಂಥ ಒಂದು ಮುಂಜಾವಿನಲ್ಲಿ ದಟ್ಟ ಮಂಜು ಕವಿದು, ಹಡಗಿನ ಸಿಳ್ಳು ಕಡಲ ನಿಯಮದಂತೆ ಎರಡು ನಿಮಿಷ ಮೀರದ ಅಂತರದಲ್ಲಿ ಮೊಳಗುತ್ತಲೇ ಇತ್ತು. ಆ ಸಿಳ್ಳುಗಳಲ್ಲೊಂದು 1930ರ ದಶಕದ ಮೂಲ ಕ್ವೀನ್ ಮೇರಿಯದು. ಡೆಕ್ಕಿನಲ್ಲಿ ನಿಂತು ಕೇಳಿದರೆ ಅದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ.

ಕೊನೆಯ ಬೆಳಗು ಇನ್ನೂ ಕತ್ತಲಿರುವಾಗಲೇ ನಮ್ಮ ಮೇಜಿನ ಎಂಟೂ ಜನ ಮೇಲಿನ ಡೆಕ್ಕಿನಲ್ಲಿ ಸೇರಿದ್ದೆವು. ನ್ಯೂಯಾರ್ಕ್ ಬಂದರಿನ ಬಾಯಿಗೆ ಅಡ್ಡಲಾಗಿರುವ ವೆರಜ್ಜಾನೊ ಸೇತುವೆಯಡಿ ಹಾಯಲೆಂದೇ ಈ ಹಡಗಿನ ಚಿಮಣಿಯ ಎತ್ತರವನ್ನು ತಗ್ಗಿಸಿ ಕಟ್ಟಿದ್ದಾರೆಂದು ಗೊತ್ತಿದ್ದರೂ, ಸೇತುವೆ ನೆತ್ತಿಯ ಮೇಲೆ ಬಂದಾಗ ನಾವೆಲ್ಲರೂ ತಲೆ ತಗ್ಗಿಸಿದೆವು.