ಐದು ಸಾವಿರದೊಳಗೆ ಹಳೇ ಡೆಸ್ಕ್‌ಟಾಪ್ ಚುರುಕು ಮಾಡಿದ್ದು: ಬಳ್ಳಾರಿಯ ಜೀನ್ಸ್ ಘಟಕದಲ್ಲಿ ನನ್ನ ಅನುಭವ

ಮೊದಲು ಯಂತ್ರದ ವಿವರ. ಇಂಟೆಲ್ ಐ3-4130 ಪ್ರೊಸೆಸರ್, ಎಚ್81 ಮದರ್‌ಬೋರ್ಡು, 4 ಜಿಬಿ ಡಿಡಿಆರ್3 ರ್‍ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. 2013ರ ತಲೆಮಾರಿನದು. ಜೀನ್ಸ್ ಹೊಲಿಯುವ ಘಟಕದಲ್ಲಿ ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶ, ಬಿಲ್ಲು, ಕನ್ನಡ ಟೈಪಿಂಗಿನ ನುಡಿ ತಂತ್ರಾಂಶದಲ್ಲಿ ಪತ್ರ, ಬ್ರೌಸರಿನಲ್ಲಿ ಜಿಎಸ್‌ಟಿ, ಇಷ್ಟೇ ಅದರ ಕೆಲಸ. ತುಂಬಾ ನಿಧಾನವಾಗಿದ್ದ ಅದನ್ನು ಚುರುಕು ಮಾಡಲು ಕೈಯಲ್ಲಿದ್ದದ್ದು ಐದು ಸಾವಿರ ರೂಪಾಯಿ.

ದುಡ್ಡು ತೆಗೆಯುವ ಮುಂಚೆ ನಿಧಾನ ಎಲ್ಲಿಂದ ಬರುತ್ತಿದೆ ಎಂದು ನೋಡಬೇಕು. ಟಾಸ್ಕ್ ಮ್ಯಾನೇಜರ್ ತೆರೆದರೆ ಡಿಸ್ಕಿನ ಬಳಕೆ ಶೇ. 100ಕ್ಕೆ ಅಂಟಿಕೊಂಡಿತ್ತು, ಪ್ರೊಸೆಸರ್ ಶೇ. 20 ದಾಟುತ್ತಿರಲಿಲ್ಲ. ಕಾರಣ ಸ್ಪಷ್ಟ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕಿಗೆ ಒಂದು ಸುತ್ತಿಗೇ 8.3 ಮಿಲಿಸೆಕೆಂಡು ಬೇಕು. ಸಾವಿರಾರು ಚಿಕ್ಕ ಫೈಲುಗಳನ್ನು ಹುಡುಕುವಾಗ ಕಾಯುವುದರಲ್ಲೇ ಹೊತ್ತು ಹೋಗುತ್ತದೆ. ಇಂಥ ಯಂತ್ರಕ್ಕೆ ಹೊಸ ಪ್ರೊಸೆಸರ್ ಹಾಕಿಸುವುದು ದಂಡ. ಐ5-4570 ಅದೇ ಸಾಕೆಟ್ಟಿಗೆ ಕೂರುತ್ತದೆ ನಿಜ, ಆದರೆ ಅದು 84 ವಾಟ್, ಐ3 ಬರೀ 54. ನಮ್ಮೂರ ಬೇಸಿಗೆಯಲ್ಲಿ ಆ ಶಾಖ ಹೊರಹಾಕಲು ಕೂಲರ್ ಬದಲಿಸಬೇಕು. ಇಷ್ಟೆಲ್ಲ ಮಾಡಿದರೂ ವಿಂಡೋಸ್ 11ರ ಅರ್ಹತೆ ಸಿಗುವುದಿಲ್ಲ, ಅದು ಕೇಳುವುದು ಇಂಟೆಲ್‌ನ 8ನೇ ತಲೆಮಾರು.

ಯಾವುದನ್ನೂ ಬಿಚ್ಚುವ ಮುಂಚೆ ಎರಡು ಕೆಲಸ. ಟ್ಯಾಲಿಯ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು, ಲೈಸೆನ್ಸನ್ನು ಟ್ಯಾಲಿಯೊಳಗಿಂದಲೇ ಸರೆಂಡರ್ ಮಾಡಬೇಕು, ಅಂದರೆ ಈ ಯಂತ್ರದಿಂದ ಬಿಡಿಸಿಕೊಳ್ಳಬೇಕು. ಮಾಡದೆ ಡಿಸ್ಕ್ ಬದಲಿಸಿದರೆ ಲೈಸೆನ್ಸ್ ಹಳೇ ಇನ್‌ಸ್ಟಾಲೇಷನ್ನಿಗೇ ಕಟ್ಟಿಕೊಂಡಿರುತ್ತದೆ, ಬಿಡಿಸಿಕೊಳ್ಳಲು ಓಡಾಡಬೇಕಾಗುತ್ತದೆ. ಎರಡನೆಯದು ಹಳೇ ಡಿಸ್ಕಿನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ 05 (ಕೆಟ್ಟು ಬದಲಿಯಾದ ಜಾಗಗಳು) ಮತ್ತು ಸಿ5 (ಓದಲು ತೊಂದರೆ ಕೊಡುತ್ತಿರುವ ಜಾಗಗಳು) ಸಾಲುಗಳ ಕೊನೆಯ ಅಂಕಿ ಸೊನ್ನೆ ಇರಬೇಕು. ಸಿ5 ಏರುತ್ತಿದ್ದರೆ ಇಡೀ ಡಿಸ್ಕನ್ನು ಕ್ಲೋನ್ (ಯಥಾವತ್ತು ನಕಲು) ಮಾಡಲು ಹೋಗಬೇಡಿ, ಮುಖ್ಯ ಫೈಲುಗಳನ್ನು ಮಾತ್ರ ಮೊದಲು ಎತ್ತಿಕೊಳ್ಳಿ.

ಇನ್ನು ಧೂಳು. ಬಳ್ಳಾರಿಯಲ್ಲಿ ಇದೇ ಅರ್ಧ ರೋಗ. ಅದಿರು ಲಾರಿಗಳ ಕೆಂಪು ಧೂಳು ಒಂದು ಕಡೆ, ಡೆನಿಮ್ ಕತ್ತರಿಸುವಾಗ ಏಳುವ ಹತ್ತಿಯ ಎಳೆ ಇನ್ನೊಂದು ಕಡೆ. ಬರೀ ಧೂಳಾದರೆ ಊದಿದರೆ ಹೋಗುತ್ತದೆ. ಎಳೆ ಸೇರಿದರೆ ಫ್ಯಾನಿನ ಕೆಳಗೆ, ಶಾಖ ಹೀರುವ ಹೀಟ್‌ಸಿಂಕಿನ ರೆಕ್ಕೆಗಳ ಮೇಲೆ ಕಂಬಳಿಯಂತೆ ಹೆಪ್ಪುಗಟ್ಟುತ್ತದೆ, ಮೇಲಿಂದ ನೋಡಿದರೆ ಕಾಣುವುದೂ ಇಲ್ಲ. ಫ್ಯಾನು ಬಿಚ್ಚಿಯೇ ತೆಗೆಯಬೇಕು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಗೆ ಹುಚ್ಚಾಪಟ್ಟೆ ತಿರುಗಿದರೆ ಬೇರಿಂಗ್ ಹೋಗುತ್ತದೆ. ಪ್ರೊಸೆಸರಿನಿಂದ ಕೂಲರಿಗೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿತ್ತು, ಅದನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಹೊಸ ಪೇಸ್ಟಿನ ಬಟಾಣಿಗಿಂತ ಸ್ವಲ್ಪ ಚಿಕ್ಕ ಹನಿ ನಡುವೆ ಇಟ್ಟೆ. ಇಂಟೆಲ್ ಕೂಲರಿನ ನಾಲ್ಕು ಪಿನ್ನುಗಳನ್ನು ಎದುರುಬದುರು ಮೂಲೆಯ ಕ್ರಮದಲ್ಲಿ ಒತ್ತಬೇಕು. ಒಂದು ಕೂರದಿದ್ದರೂ ಕೂಲರ್ ಓರೆಯಾಗಿ ನಿಲ್ಲುತ್ತದೆ, ಬಿಸಿ ಏರುತ್ತದೆ. ಹೊರಗೆ 40 ಡಿಗ್ರಿ ಇರುವ ದಿನ ಪೂರ್ತಿ ಕೆಲಸ ಕೊಟ್ಟು ನೋಡಿ, ಪ್ರೊಸೆಸರ್ 80ರ ಒಳಗಿದ್ದರೆ ನಿಶ್ಚಿಂತೆ.

ಬೋರ್ಡಿನ ಸಿಆರ್2032 ಬ್ಯಾಟರಿಯನ್ನೂ ಆಗಲೇ ಬದಲಿಸಿದೆ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ, ತಾರೀಖು ತಪ್ಪಿದರೆ ಜಿಎಸ್‌ಟಿ ತಾಣ ಸುರಕ್ಷಿತವಲ್ಲ ಎಂದು ಬ್ರೌಸರ್ ತೆರೆಯುವುದಿಲ್ಲ. ಎಷ್ಟೋ ಜನ ಇದನ್ನು ನೆಟ್ಟಿನ ದೋಷ ಅಂದುಕೊಳ್ಳುತ್ತಾರೆ.

ಬಜೆಟ್ಟಿನ ದೊಡ್ಡ ಪಾಲು 240 ಜಿಬಿ ಸಾಟಾ ಎಸ್‌ಎಸ್‌ಡಿಗೆ, ಅಂದರೆ ತಿರುಗುವ ಭಾಗವೇ ಇಲ್ಲದ ವೇಗದ ಡಿಸ್ಕಿಗೆ ಕೊಟ್ಟೆ. ಬೋರ್ಡಿನಲ್ಲಿ 6ಜಿ ಎಂದು ಬರೆದ ಪೋರ್ಟಿಗೇ ಕೇಬಲ್ ಹಾಕಿ, 3ಜಿ ಪೋರ್ಟಿನಲ್ಲಿ ವೇಗ ಅರ್ಧವಾಗುತ್ತದೆ. ಬಯಾಸಿನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗಿನಲ್ಲಿ) ಸಾಟಾ ವಿಧಾನ ಹಳೆಯ ಐಡಿಇ ಇದ್ದರೆ ವಿಂಡೋಸ್ ಹಾಕುವ ಮುಂಚೆಯೇ ಹೊಸದಾದ ಎಎಚ್‌ಸಿಐ ಮಾಡಿ. ಆಮೇಲೆ ಬದಲಿಸಿದರೆ ನೀಲಿ ಪರದೆ ಬಂದು ನಿಲ್ಲುವ ಸಂಭವ ಹೆಚ್ಚು.

ರ್‍ಯಾಮ್ ಸೆಕೆಂಡ್ ಹ್ಯಾಂಡ್ ಸಾಕು, 4 ಜಿಬಿಯ ಇನ್ನೊಂದು ಸ್ಟಿಕ್. ಒಂದಕ್ಕೆ ಎರಡಾದರೆ ಎರಡನ್ನೂ ಒಟ್ಟಿಗೆ ಬಳಸುವ ಡ್ಯುಯಲ್ ಚಾನೆಲ್ ಕೂಡ ಸಿಗುತ್ತದೆ. ಇಲ್ಲಿ ಒಂದು ಎಚ್ಚರ ಬೇಕು. ಆನ್‌ಲೈನಿನಲ್ಲಿ ತುಂಬಾ ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಸ್ಟಿಕ್ಕುಗಳು ಎಎಂಡಿ ಬೋರ್ಡಿಗೆ ಮಾತ್ರ, ಇಂಟೆಲ್‌ಗೆ ಹಾಕಿದರೆ ಪರದೆಯೇ ಬರುವುದಿಲ್ಲ. ಅವುಗಳ ಚಿಪ್ ಜೋಡಣೆ ಬೇರೆ. ಜಿ41ರಂಥ ಇನ್ನೂ ಹಳೇ ಬೋರ್ಡಿನವರು ಎರಡೂ ಬದಿ ಸೇರಿ 16 ಚಿಪ್ ಇರುವ 4 ಜಿಬಿ ಸ್ಟಿಕ್ಕನ್ನೇ ಕೇಳಿ ತೊಗೊಳ್ಳಿ, 8 ಚಿಪ್ಪಿನದು ಅಲ್ಲಿ ನಡೆಯುವುದಿಲ್ಲ. ತಂದ ಮೇಲೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ಪೂರ್ತಿ ಸುತ್ತು ಓಡಿಸಿ. ಒಂದೇ ಒಂದು ದೋಷ ತೋರಿಸಿದರೂ ಅಂಗಡಿಗೆ ವಾಪಸ್ಸು ಕೊಡಿ.

ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ) ಬದಲಿಸಲಿಲ್ಲ. ಅದರ 12 ವೋಲ್ಟಿನ ಹಳದಿ ತಂತಿ 11.4ರಿಂದ 12.6 ವೋಲ್ಟಿನೊಳಗಿತ್ತು, ಕೆಪ್ಯಾಸಿಟರುಗಳು ಉಬ್ಬಿರಲಿಲ್ಲ. ಸಿಪಿಯು ಡಬ್ಬ ಮುಟ್ಟಿದರೆ ಜುಮ್ಮೆನ್ನುತ್ತಿದ್ದರೆ ಎಸ್‌ಎಂಪಿಎಸ್ ಕೆಟ್ಟಿದೆ ಎಂದು ಕೂಡಲೇ ತೀರ್ಮಾನಿಸಬೇಡಿ. ಅರ್ತಿಂಗ್ ಇಲ್ಲದಿದ್ದರೆ ಒಳಗಿನ ಫಿಲ್ಟರ್ ಕೆಪ್ಯಾಸಿಟರುಗಳಿಂದ ಡಬ್ಬದ ಮೇಲೆ ಸುಮಾರು 115 ವೋಲ್ಟ್ ಕೂರುತ್ತದೆ. ಕರೆಂಟು ಅತಿ ಕಡಿಮೆ, ಆದರೆ ಪೋರ್ಟುಗಳಿಗೆ ಒಳ್ಳೆಯದಲ್ಲ. ಎಲೆಕ್ಟ್ರಿಷಿಯನ್ ಕರೆದು ಅರ್ತಿಂಗ್ ಸರಿ ಮಾಡಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದನ್ನು ನೆಟ್ಟಿಗೆ ಹಚ್ಚುವುದು ಅಪಾಯ. ಆದರೆ ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಹಾಗಾಗಿ ಎಸ್‌ಎಸ್‌ಡಿಯನ್ನು ಎರಡು ಭಾಗ ಮಾಡಿ, ಮೊದಲು ವಿಂಡೋಸ್, ಆಮೇಲೆ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿದೆ. ಟ್ಯಾಲಿ ಮತ್ತು ನುಡಿ ವಿಂಡೋಸಿನಲ್ಲಿ, ಲೈಸೆನ್ಸ್ ಕೆಲಸ ಬಿಟ್ಟರೆ ಅದಕ್ಕೆ ನೆಟ್ ಇಲ್ಲ. ಬ್ಯಾಂಕು, ಜಿಎಸ್‌ಟಿ, ಮೇಲ್ ಎಲ್ಲ ಮಿಂಟಿನಲ್ಲಿ. ಅಲ್ಲಿ ಟೈಪಿಂಗ್ ನೋಡಿಕೊಳ್ಳುವ ಐಬಸ್‌ಗೆ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ಸೇರಿಸಿದರೆ ನುಡಿಯ ವಿನ್ಯಾಸದಲ್ಲೇ ಯೂನಿಕೋಡ್ ಟೈಪ್ ಮಾಡಬಹುದು. ಹಳೇ ನುಡಿ ಫಾಂಟಿನ ಪತ್ರಗಳು ಮಾತ್ರ ಅಲ್ಲಿ ಅಕ್ಷರಗಳ ರಾಶಿಯಾಗಿ ಕಾಣುತ್ತವೆ, ಅವನ್ನು ವಿಂಡೋಸಿನಲ್ಲೇ ಯೂನಿಕೋಡಿಗೆ ಪರಿವರ್ತಿಸಿಟ್ಟೆ.

ಉಳಿದ ದುಡ್ಡಿಗೆ ಯುಪಿಎಸ್ಸಿನ 12 ವೋಲ್ಟ್ 7 ಎಎಚ್ ಬ್ಯಾಟರಿ ಬಂತು. ಹಳೇ ಹಾರ್ಡ್ ಡಿಸ್ಕಿನಲ್ಲಿ 05, ಸಿ5 ಎರಡೂ ಸೊನ್ನೆ ಇದ್ದುದರಿಂದ ಅದನ್ನು ಯುಎಸ್‌ಬಿ ಡಬ್ಬಕ್ಕೆ ಹಾಕಿದೆ. ಘಟಕದವರು ಶನಿವಾರ ಅದಕ್ಕೆ ಟ್ಯಾಲಿ ಡೇಟಾ ನಕಲು ಮಾಡಿಕೊಂಡು ಕೇಬಲ್ ಕಿತ್ತಿಡುತ್ತಾರೆ.