ಉಲ್ಟಾ ಹಚ್ಚಿದ ಖಣ

"ಯವ್ವಾ, ಖಣ ಉಲ್ಟಾ ಹಚ್ಚೀಯಲ್ಲ."

ನನ್ನ ಮೊದಲ ಮಿಶ್ರ ಮಾಧ್ಯಮದ ಚಿತ್ರ ನೋಡಿ ಅಪ್ಪ ಹೇಳಿದ ಮೊದಲ ಮಾತು ಇದು. ಚಿತ್ರದಲ್ಲಿ ಬಣ್ಣ ಇತ್ತು, ಮಣ್ಣು ಇತ್ತು, ಹಳೇ ಲೆಕ್ಕದ ಪುಸ್ತಕದ ಅಕ್ಷರ ಇತ್ತು. ಅಪ್ಪನ ಕಣ್ಣು ಹೋಗಿದ್ದು ಮಾತ್ರ ಮೂಲೆಯಲ್ಲಿದ್ದ ಅಂಗೈಯಗಲದ ಬಟ್ಟೆಯ ಮೇಲೆ. ನಲವತ್ತು ವರ್ಷ ಮಗ್ಗದಲ್ಲಿ ಕೂತವರ ಕಣ್ಣು ಬೇರೆ ಎಲ್ಲಿಗೆ ಹೋಗಬೇಕು?

ಉಲ್ಟಾ ಹಚ್ಚಿದ್ದು ಬೇಕಂತಲೇ. ಖಣದ ಮುಂಭಾಗದಲ್ಲಿ ಸಣ್ಣ ಸಣ್ಣ ಬುಟ್ಟಾಗಳು ಸಾಲಾಗಿ ನಿಂತಿರುತ್ತವೆ. ಹಿಂಭಾಗ ಹಾಗಲ್ಲ. ಒಂದು ಬುಟ್ಟಾದಿಂದ ಇನ್ನೊಂದಕ್ಕೆ ಹೋಗುವ ನೂಲು ಅಲ್ಲಿ ಸಡಿಲವಾಗಿ ಓಡುತ್ತಿರುತ್ತದೆ. ಬೆರಳಾಡಿಸಿದರೆ ಕೈಗೆ ಸಿಗುತ್ತದೆ. ಮುಂದೆ ಕಾಣುವ ಹೂವಿಗೆ ಹಿಂದೆ ಎಷ್ಟು ಎಳೆ ನಡೆದಾಡಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ನನಗೆ ಬೇಕಿದ್ದದ್ದು ಆ ನಡೆದಾಟ. ಇದನ್ನು ಅಪ್ಪನಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ಹತ್ತಿರ ಬಂದು ಬಟ್ಟೆಯ ಮೇಲೆ ಬೆರಳಾಡಿಸಿ, "ಇಲ್ಲಿ ಎಳಿ ಹರದೈತಿ ನೋಡು" ಅಂದರು. ಹೌದು, ಹರಿದಿತ್ತು. ನಾನು ತಿಂಗಳುಗಟ್ಟಲೆ ನೋಡಿದ್ದರೂ ಕಂಡಿರಲಿಲ್ಲ.

ನಾನು ಹುಟ್ಟಿದ್ದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಲ್ಲಿ. ಖಣ ಅಂದರೆ ಕುಪ್ಪಸದ ಬಟ್ಟೆ. ಇಳಕಲ್ ಸೀರೆಯ ಜೊತೆ ಅದನ್ನೇ ತೊಡುವುದು ನಮ್ಮ ಕಡೆಯ ರೂಢಿ. ಉಡಿ ತುಂಬುವಾಗ ಅಕ್ಕಿ, ತೆಂಗಿನಕಾಯಿ ಜೊತೆ ಒಂದು ಖಣ ಇರಲೇಬೇಕು. ತೇರು, ಆನೆ ಹೆಜ್ಜೆ, ಸೂಜಿ ಮಲ್ಲಿಗೆ ಅಂತ ಬುಟ್ಟಾಗಳಿಗೆ ಹೆಸರು. ನಾನು ಅಕ್ಷರ ಕಲಿಯುವ ಮೊದಲೇ ಆ ಹೆಸರುಗಳನ್ನು ಕಲಿತೆ. ನಮ್ಮ ಮನೆಯದು ಕುಣಿ ಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಅಪ್ಪ ನೇಯುತ್ತಿದ್ದರು, ಅವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ್ಗದಲ್ಲಿ ಅತ್ತಿತ್ತ ಓಡುವ ಲಾಳಿಯ ಸದ್ದು ನಿಂತರೆ ನನಗೆ ಎಚ್ಚರವಾಗುತ್ತಿತ್ತು.

ಬಾದಾಮಿ ನಮಗೆ ಹತ್ತಿರ. ಶಾಲೆಯಿಂದ ಕರೆದುಕೊಂಡು ಹೋದಾಗ ಮೂರನೇ ಗುಹೆಯಲ್ಲಿ ಮೇಷ್ಟ್ರು ಮೇಲೆ ಕೈ ತೋರಿಸಿ, ಅಲ್ಲಿ ಬಣ್ಣದ ಚಿತ್ರ ಇತ್ತು ಅಂದರು. ಚಾಲುಕ್ಯ ರಾಜಕುಮಾರ ಮಂಗಳೇಶನ ಶಾಸನ ಇರುವ ಗುಹೆ ಅದು, ಕ್ರಿ.ಶ. 578ರದು. ಮಕ್ಕಳೆಲ್ಲ ಕಂಬದ ಮೇಲಿನ ಶಿಲ್ಪ ನೋಡಲು ಓಡಿದರು. ನಾನು ಕತ್ತು ನೋಯುವವರೆಗೂ ಮೇಲೇ ನೋಡಿದೆ. ಕಲ್ಲು, ಕಲ್ಲಿನ ಮೇಲೆ ಗಾರೆ, ಗಾರೆಯ ಮೇಲೆ ಅಲ್ಲಲ್ಲಿ ಉಳಿದ ಬಣ್ಣ. ಮೂರೂ ಪದರ ಒಟ್ಟಿಗೇ ಕಾಣುತ್ತಿದ್ದವು. ಚಿತ್ರ ಅಂದರೆ ಒಂದರ ಮೇಲೊಂದು ಇಡುವುದು ಅಂತ ಅವತ್ತೇ ತಲೆಯಲ್ಲಿ ಕೂತಿರಬೇಕು.

ಧಾರವಾಡದಲ್ಲಿ ಚಿತ್ರಕಲೆ ಓದಿದೆ. ಐದು ವರ್ಷ ಎಣ್ಣೆ ಬಣ್ಣ, ಜಲವರ್ಣ, ಮಾಡೆಲ್ ಕೂರಿಸಿ ಬರೆಯುವುದು. ಕೈ ಪಳಗಿದ್ದು ಅಲ್ಲೇ, ಅದಿಲ್ಲದೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಒಂದು ದಿನ ಮೇಷ್ಟ್ರು ಪಿಕಾಸೊನ 1912ರ ಕೃತಿಯೊಂದನ್ನು ತೋರಿಸಿದರು. ಬೆತ್ತದ ಹೆಣಿಗೆ ಅಚ್ಚು ಹಾಕಿದ ಮೇಣಗಪ್ಪಡವನ್ನು ಚಿತ್ರದೊಳಗೆ ಅಂಟಿಸಿ, ಸುತ್ತಲೂ ಚೌಕಟ್ಟಿನ ಬದಲು ಹಗ್ಗ ಕಟ್ಟಿದ್ದ. ಅಂಟಿಸುವ ಕಲೆಗೆ ದಾರಿ ಮಾಡಿಕೊಟ್ಟ ಕೆಲಸ ಅದು. ತರಗತಿಯವರಿಗೆ ಅದು ಪ್ಯಾರಿಸ್ಸಿನ ಸುದ್ದಿ. ನನಗೆ ನೆನಪಾಗಿದ್ದು ಮನೆ. ಹಗ್ಗ, ನೂಲು, ಬಟ್ಟೆ, ಎಲ್ಲ ನಮ್ಮ ಮನೆಯಲ್ಲೇ ಇದ್ದವಲ್ಲ! ಆ ರಜೆಯಲ್ಲಿ ಊರಿಗೆ ಹೋದವಳು ಅವ್ವನ ಟ್ರಂಕಿನಿಂದ ಖಣದ ತುಂಡುಗಳನ್ನು ಒಂದು ಚೀಲ ತುಂಬಿಕೊಂಡು ಬಂದೆ.

ಆಮೇಲಿನ ಮೂರ್ನಾಲ್ಕು ವರ್ಷ ನಾನು ಮಾಡಿದ್ದು ಬರೀ ತಪ್ಪು. ಈಗ ಕೇಳಲು ಬರುವ ಹುಡುಗ ಹುಡುಗಿಯರಿಗೆ ಈ ಭಾಗವನ್ನೇ ಜಾಸ್ತಿ ಹೇಳುತ್ತೇನೆ.

ಮೊದಲಿಗೆ ಅಂಟು. ಮೈದಾ ಹಿಟ್ಟಿನ ಅಂಟು ಬಳಸಿದೆ. ಅಗ್ಗ, ಬಟ್ಟೆಗೆ ಚೆನ್ನಾಗಿ ಹಿಡಿಯುತ್ತೆ, ಒಣಗಿದ ಮೇಲೆ ಹೊಳೆಯುವುದಿಲ್ಲ. ನನ್ನ ಒಂದು ಚಿತ್ರ ಮಲೆನಾಡಿನ ಮನೆಯೊಂದಕ್ಕೆ ಹೋಯಿತು. ಒಂದೇ ಮಳೆಗಾಲ. ಕೊಂಡವರು ಚಿತ್ರವನ್ನು ವಾಪಸು ತಂದರು. ಕಾಗದದ ತುಂಬ ಬೆಳ್ಳಿಹುಳ ತಿಂದ ತೂತು, ಬಟ್ಟೆಯ ಮೇಲೆ ಬೂಷ್ಟು. ಅವರು ಬೈಯಲಿಲ್ಲ. "ಇದನ್ನ ಉಳಿಸೋಕಾಗುತ್ತಾ ಮೇಡಂ?" ಅಂತ ಕೇಳಿದರು. ಉಳಿಸಲು ಆಗಲಿಲ್ಲ. ಹಣ ಹಿಂದಿರುಗಿಸಿದೆ. ಆ ಹಲಗೆ ಇವತ್ತಿಗೂ ನನ್ನ ಕೋಣೆಯ ಗೋಡೆಗೆ ಒರಗಿದೆ. ಅಂದಿನಿಂದ ಅಂಟಿಸಲು ಆಕ್ರಿಲಿಕ್ ಮ್ಯಾಟ್ ಮೀಡಿಯಂ, ಅಂದರೆ ಒಣಗಿದ ಮೇಲೆ ಹೊಳೆಯದ ಪ್ಲಾಸ್ಟಿಕ್ ಥರದ ಅಂಟು, ಮಾತ್ರ. ದುಬಾರಿ, ಆದರೆ ಹುಳಕ್ಕೆ ಅದರಲ್ಲಿ ಊಟ ಇಲ್ಲ.

ಎರಡನೆಯದು ಎಣ್ಣೆ. ಬಟ್ಟೆಯ ಮೇಲೆ ನೇರವಾಗಿ ಎಣ್ಣೆ ಬಣ್ಣ ಹಚ್ಚಿದೆ. ಅಗಸೆ ಎಣ್ಣೆ ಒಣಗುತ್ತಾ ಹೋದ ಹಾಗೆ ನೂಲನ್ನು ಪೆಡಸು ಮಾಡುತ್ತದೆ. ಕೆಲವು ವರ್ಷದಲ್ಲಿ ಬಟ್ಟೆ ಹಪ್ಪಳದ ಹಾಗೆ ಮುರಿಯಲು ಶುರುವಾಯಿತು. ಈಗ ನನ್ನ ಕೆಲಸವೆಲ್ಲ ಆಕ್ರಿಲಿಕ್‌ನಲ್ಲೇ. ಎಣ್ಣೆಯ ಹೊಳಪು ಬೇಕೇಬೇಕು ಅನ್ನಿಸಿದ ಕಡೆ, ಎಲ್ಲ ಮುಗಿದ ಮೇಲೆ ತೀರಾ ಮೇಲಿನ ಪದರವಾಗಿ ಹಚ್ಚುತ್ತೇನೆ. ಆಕ್ರಿಲಿಕ್ ಮೇಲೆ ಎಣ್ಣೆ ನಿಲ್ಲುತ್ತದೆ. ಎಣ್ಣೆಯ ಮೇಲೆ ಆಕ್ರಿಲಿಕ್ ನಿಲ್ಲುವುದಿಲ್ಲ, ಸಿಪ್ಪೆಯಾಗಿ ಏಳುತ್ತದೆ.

ಮೂರನೆಯದು ಗಂಜಿ. ಹಾಸಿನ ನೂಲು, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಓಡುವ ನೂಲು, ಗಟ್ಟಿಯಾಗಲಿ ಅಂತ ನೇಕಾರರು ಗಂಜಿ ಹಾಕಿರುತ್ತಾರೆ. ನೇಕಾರರ ಮಗಳಾದ ನನಗೇ ಇದು ನೆನಪಾಗಲಿಲ್ಲ. ಗಂಜಿ ಇರುವ ಬಟ್ಟೆಯೊಳಗೆ ಅಂಟು ಇಳಿಯುವುದಿಲ್ಲ, ಮೇಲೇ ಕೂರುತ್ತದೆ. ಈಗ ಪ್ರತಿ ತುಂಡನ್ನೂ ಒಂದು ರಾತ್ರಿ ನೀರಲ್ಲಿ ನೆನೆಹಾಕಿ, ಒಗೆದು, ನೆರಳಲ್ಲಿ ಒಣಗಿಸುತ್ತೇನೆ. ಕುಗ್ಗುವುದಿದ್ದರೆ ಆಗಲೇ ಕುಗ್ಗಲಿ. ಮೊದಲೇ ಕುಗ್ಗಿಸದಿದ್ದರೆ ಹಲಗೆಯ ಮೇಲೆ ಒಣಗುವಾಗ ಕುಗ್ಗಿ, ಪಕ್ಕದ ಕಾಗದವನ್ನೂ ಎಳೆದುಕೊಳ್ಳುತ್ತದೆ.

ಬಣ್ಣ ಬಿಡುತ್ತದೆಯೇ ಅಂತಲೂ ನೋಡಬೇಕು. ಒದ್ದೆ ಬಿಳಿ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿದರೆ ಸಾಕು, ಗೊತ್ತಾಗುತ್ತದೆ. ಬಿಸಿಲಿಗೆ ಮಾಸುತ್ತದೆಯೇ ಅಂತ ತಿಳಿಯಲು ತುಂಡಿನ ಅರ್ಧಕ್ಕೆ ರಟ್ಟು ಮುಚ್ಚಿ ಕಿಟಕಿಗೆ ಅಂಟಿಸುತ್ತೇನೆ. ಮೂರು ತಿಂಗಳು ಬಿಟ್ಟು ತೆಗೆದಾಗ ಎರಡು ಅರ್ಧವೂ ಒಂದೇ ಥರ ಇದ್ದರೆ ಅದು ಚಿತ್ರಕ್ಕೆ. ಇಲ್ಲದಿದ್ದರೆ ಮರಳಿ ಚೀಲಕ್ಕೆ. ನನ್ನ ಹುಬ್ಬಳ್ಳಿಯ ಬಾಡಿಗೆ ಮನೆಯ ದಕ್ಷಿಣದ ಕಿಟಕಿಯಲ್ಲಿ ಯಾವಾಗಲೂ ಹತ್ತು ಹನ್ನೆರಡು ತುಂಡು ತೂಗುತ್ತಿರುತ್ತವೆ.

ಕೆಂಪು ಬಣ್ಣಕ್ಕೆ ಮಾತ್ರ ಕಿಟಕಿಯ ಪರೀಕ್ಷೆ ಬೇಡ. ಅದು ಕಲ್ಲು. ನಮ್ಮ ಕಡೆಯ ಕಲ್ಲು ಕೆಂಪಗಿರುವುದು ಅದರೊಳಗಿನ ಕಬ್ಬಿಣದ ಅಂಶದಿಂದ. ಅದು ಬಿಸಿಲಿಗೆ ಮಾಸುವ ಬಣ್ಣವಲ್ಲ. ನಮ್ಮ ಹಿತ್ತಲ ಗೋಡೆ ಒಂದು ಮಳೆಗಾಲ ಕುಸಿದಾಗ ಆ ಕಲ್ಲಿನ ಚೂರುಗಳನ್ನು ತಂದಿಟ್ಟುಕೊಂಡೆ. ಒರಳಲ್ಲಿ ಕುಟ್ಟಿ, ಮಲ್ ಬಟ್ಟೆಯಲ್ಲಿ ಸೋಸಿ, ನೀರಲ್ಲಿ ಕಲಕಿ ಬಿಡುತ್ತೇನೆ. ಮರಳು ಬೇಗ ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ, ರಾತ್ರಿ ಬಿಟ್ಟರೆ ಬೆಳಗ್ಗೆ ತಳದಲ್ಲಿ ಬೆಣ್ಣೆಯಂಥ ಕೆಂಪು ಸಿಗುತ್ತದೆ. ಒಂದು ಸೇರು ಪುಡಿಗೆ ಒಂದು ಬಟ್ಟಲು ಬಣ್ಣ ಬಂದರೆ ಪುಣ್ಯ. ತಳದ ಮರಳನ್ನೂ ಎಸೆಯುವುದಿಲ್ಲ. ಬಣ್ಣಕ್ಕೆ ಕಲಸಿ ಹಚ್ಚಿದರೆ ಗೋಡೆಯ ಒರಟುತನ ಬರುತ್ತದೆ. ಒಂದು ಮಾತು ಹೇಳಲೇಬೇಕು: ಬಾದಾಮಿಯ ಸ್ಮಾರಕಗಳ ಹತ್ತಿರದಿಂದ ಯಾರೂ ಒಂದು ಚೂರು ಕಲ್ಲನ್ನೂ ತರಬೇಡಿ. ಬಿದ್ದ ಮನೆಗಳ ಕಲ್ಲು ಬೇಕಾದಷ್ಟಿದೆ.

ಅಕ್ಷರಗಳದ್ದು ಬೇರೆ ಕಥೆ. ಅಪ್ಪ ನೂಲಿನ ಲೆಕ್ಕ ಬರೆಯುತ್ತಿದ್ದ ಪುಸ್ತಕಗಳು ನನ್ನ ಹತ್ತಿರ ಇವೆ. ಇಷ್ಟು ನೂಲು ತಂದದ್ದು, ಇಷ್ಟು ಖಣ ಕೊಟ್ಟದ್ದು, ಇಷ್ಟು ಬಾಕಿ. ಮೊದಲಿಗೆ ಹಾಳೆಗಳನ್ನೇ ಹರಿದು ಅಂಟಿಸಿದೆ. ಶಾಯಿ ಒದ್ದೆಯಾಗಿ ಹರಡಿತು. ಎರಡು ಹಾಳೆ ಹೋದವು. ಅಪ್ಪನ ಕೈಬರಹದ ಎರಡು ಹಾಳೆ. ಅವತ್ತು ಸಂಜೆ ಊಟ ಸೇರಲಿಲ್ಲ. ಮೂಲವನ್ನು ಇನ್ನು ಮುಟ್ಟುವುದಿಲ್ಲ ಅಂತ ತೀರ್ಮಾನ ಮಾಡಿದೆ.

ಈಗ ಹಾಳೆಯ ಫೋಟೊ ತೆಗೆದು, ಲೇಸರ್ ಪ್ರಿಂಟ್ ಹಾಕಿಸುತ್ತೇನೆ. ಪ್ರಿಂಟನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿರಬೇಕು, ಯಾಕೆಂದರೆ ಅದು ಹಲಗೆಗೆ ಮಗುಚಿ ಕೂರುತ್ತದೆ. ಹಲಗೆಗೆ ಆಕ್ರಿಲಿಕ್ ಜೆಲ್ ಹಚ್ಚಿ, ಪ್ರಿಂಟನ್ನು ಮುಖ ಕೆಳಗೆ ಮಾಡಿ ಒತ್ತಿ, ಪೂರ್ತಿ ಒಂದು ದಿನ ಬಿಡುತ್ತೇನೆ. ಆಮೇಲೆ ಕಾಗದಕ್ಕೆ ನೀರು ಚಿಮುಕಿಸಿ ಬೆರಳ ತುದಿಯಿಂದ ಮೆಲ್ಲಗೆ ಉಜ್ಜಬೇಕು. ಕಾಗದ ಎಳೆ ಎಳೆಯಾಗಿ ಸುರುಳಿ ಸುತ್ತಿ ಬರುತ್ತದೆ. ಅದರ ಕೆಳಗಿಂದ ಅಪ್ಪನ "ಬಾಕಿ" ಅನ್ನುವ ಪದ ಒಂದೊಂದೇ ಅಕ್ಷರವಾಗಿ ಮೇಲೆ ಬರುತ್ತದೆ. ಮೊದಲು "ಬಾ", ಆಮೇಲೆ "ಕಿ". ಎಷ್ಟು ಸಲ ಮಾಡಿದರೂ ಆ ಗಳಿಗೆಯಲ್ಲಿ ನಾನು ಉಸಿರು ಹಿಡಿಯುತ್ತೇನೆ. ಜೋರಾಗಿ ಉಜ್ಜಿದರೆ ಅಕ್ಷರವೂ ಹೋಗುತ್ತದೆ. ಅವಸರದವರಿಗೆ ಇದು ಆಗುವ ಕೆಲಸವಲ್ಲ.

ಹಲಗೆ 12 ಮಿಲಿಮೀಟರಿನ ಪ್ಲೈವುಡ್. ಕ್ಯಾನ್ವಾಸ್ ಬಳಸುವುದಿಲ್ಲ, ಈ ಭಾರಕ್ಕೆ ಅದು ಜೋಲುತ್ತದೆ. ಮುಂದೆ ಮೂರು ಕೋಟ್ ಜೆಸ್ಸೊ (ಬಣ್ಣ ಹಿಡಿಯಲಿ ಅಂತ ಮೊದಲು ಬಳಿಯುವ ಬಿಳಿ ಲೇಪ), ಹಿಂದೆಯೂ ಒಂದು. ಹಿಂದೆ ಬಿಟ್ಟರೆ ತೇವ ಒಂದೇ ಕಡೆಯಿಂದ ಹೀರಿ ಹಲಗೆ ಬಾಗುತ್ತದೆ.

ಇಷ್ಟೆಲ್ಲ ತಯಾರಿ. ಚಿತ್ರ ಶುರುವಾಗುವುದು ಆಮೇಲೆ.

ನಾನು ಮೊದಲೇ ಸ್ಕೆಚ್ ಮಾಡುವುದಿಲ್ಲ. ತುಂಡುಗಳನ್ನೆಲ್ಲ ನೆಲದ ಮೇಲೆ ಹರಡಿ, ಕಣ್ಣು ಮುಚ್ಚಿ ಕೈಯಿಂದ ಆರಿಸುತ್ತೇನೆ. ಇದನ್ನು ಕಲಿತದ್ದು ಬಿನೋದ್ ಬಿಹಾರಿ ಮುಖರ್ಜಿ ಅವರ ಬದುಕಿನಿಂದ. ಶಾಂತಿನಿಕೇತನದ ಆ ದೊಡ್ಡ ಕಲಾವಿದರಿಗೆ 1950ರ ದಶಕದಲ್ಲಿ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಅವರು ಕಾಗದ ಕತ್ತರಿಸಿ, ಅಂಟಿಸಿ ಕೆಲಸ ಮಾಡಿದರು. ಕಣ್ಣು ಮುಚ್ಚಿದರೆ ಬಣ್ಣ ಮರೆಯಾಗುತ್ತದೆ, ಬಟ್ಟೆ ಉಳಿಯುತ್ತದೆ. ಯಾವುದು ನವಿರು, ಯಾವುದು ಒರಟು, ಯಾವುದರ ಅಂಚು ಗಟ್ಟಿ ಅಂತ ಬೆರಳಿಗೆ ತಿಳಿಯುತ್ತದೆ. ಹೀಗೆ ಆರಿಸಿದ ಐದಾರು ತುಂಡುಗಳೇ ಚಿತ್ರದ ಹಾಸು. ಅವು ಎಲ್ಲಿ ಕೂರುತ್ತವೋ ಅದರ ಸುತ್ತ ಬಣ್ಣ, ಅಕ್ಷರ, ಮಣ್ಣು ಅಡ್ಡಕ್ಕೆ ಓಡುವ ಹೊಕ್ಕಿನ ನೂಲಿನ ಹಾಗೆ ಓಡಾಡುತ್ತವೆ. ಅಪ್ಪನಿಗೆ ನನ್ನ ಕೆಲಸ ವಿವರಿಸುವಾಗ ಹಾಸು ಹೊಕ್ಕು ಅಂದೆ. ಬೇರೆ ಪದ ಹುಡುಕುವ ಅಗತ್ಯ ಬೀಳಲಿಲ್ಲ.

ಅಂಟಿಸುವ ಮೊದಲು ಪ್ರತಿ ತುಂಡಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದನ್ನು ಬಣ್ಣದಲ್ಲೇ ಬರೆಯಬಹುದಿತ್ತಾ? ಹೌದು ಅಂತ ಅನ್ನಿಸಿದರೆ ಆ ತುಂಡು ಬೇಡ. ಬರೆಯುತ್ತೇನೆ. ಬಟ್ಟೆ ಚೆಂದ ಇದೆ ಅನ್ನುವ ಒಂದೇ ಕಾರಣಕ್ಕೆ ಅಂಟಿಸಿದರೆ ಚಿತ್ರ ಬಟ್ಟೆ ಅಂಗಡಿಯ ಶೋಕೇಸ್ ಆಗುತ್ತದೆ. ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ನಡೆಯುತ್ತದಲ್ಲ, ಅಲ್ಲಿ ಸುತ್ತಾಡುವಾಗ ಮಿಕ್ಸೆಡ್ ಮೀಡಿಯಾ ಅಂತ ಚೀಟಿ ಹಚ್ಚಿದ ಎಷ್ಟೋ ಕೆಲಸ ನೋಡುತ್ತೇನೆ. ಗುಂಡಿ, ಗೆಜ್ಜೆ, ಲೇಸು, ಗಡಿಯಾರದ ಚಕ್ರ, ಎಲ್ಲ ಇರುತ್ತವೆ. ಮಾಡಿದವರ ಶ್ರಮದ ಮೇಲೆ ನನಗೆ ಗೌರವ ಇದೆ. ಆದರೆ ಆ ಗೆಜ್ಜೆ ಯಾಕೆ ಅಲ್ಲಿ ಇದೆ ಅಂತ ಗೆಜ್ಜೆಯೇ ಹೇಳಬೇಕು. ಹೇಳದಿದ್ದರೆ ಅದು ಸುಮ್ನೆ ಭಾರ.

ಒಂದು ಚಿತ್ರಕ್ಕೆ ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಅದರಲ್ಲಿ ಅರ್ಧ ಸಮಯ ಒಣಗುವುದಕ್ಕೇ. ಇನ್ನೊಂದು ಪಾಲು ಕೆರೆಯುವುದಕ್ಕೆ. ಹೌದು, ಹಚ್ಚಿದ್ದನ್ನು ಮರಳುಕಾಗದದಿಂದ ಉಜ್ಜಿ ತೆಗೆಯುತ್ತೇನೆ. ಮೇಲಿನ ಪದರ ಸವೆದು ಕೆಳಗಿನ ಖಣ ಇಣುಕಿದಾಗ ಬಾದಾಮಿಯ ಆ ಮೇಲ್ಛಾವಣಿ ನೆನಪಾಗುತ್ತದೆ.

ಈಗ ಹಲಗೆಯ ಮೇಲಿರುವ ಚಿತ್ರ ನಮ್ಮ ಮಗ್ಗದ ಕುಣಿಯದ್ದು. ಮೂರು ಅಡಿಗೆ ನಾಲ್ಕು ಅಡಿ. ಅಪ್ಪ ನೇಯುವುದನ್ನು ನಿಲ್ಲಿಸಿದ ವರ್ಷ ಕುಣಿಗೆ ಕಲ್ಲು ತುಂಬಿ, ಮೇಲೆ ಸಿಮೆಂಟು ಹಾಕಿಸಿದರು. ಈಗ ಅದರ ಮೇಲೆ ಫ್ರಿಜ್ ಇದೆ. ಸಿಮೆಂಟಿನ ಬಣ್ಣ ಮಾತ್ರ ಸುತ್ತಲ ನೆಲಕ್ಕಿಂತ ಬೇರೆ, ಕುಣಿಯ ಆಕಾರ ಹಾಗೇ ಕಾಣುತ್ತದೆ. ಚಿತ್ರದ ನಡುವೆ ಆ ಆಯತ ಇದೆ. ಅಲ್ಲಿ ಏನು ಹಚ್ಚಿದರೂ ತುಂಬಿದ ಹಾಗೆ ಕಾಣುತ್ತಿತ್ತು. ನನಗೆ ಆಳ ಬೇಕಿತ್ತು. ಏಳು ಸಲ ಹಚ್ಚಿ, ಏಳು ಸಲ ಕೆರೆದೆ. ಕೊನೆಗೆ ಬರೀ ಪ್ಲೈವುಡ್ ಕಾಣುವವರೆಗೂ ಉಜ್ಜಿ ಬಿಟ್ಟಿದ್ದೇನೆ.

ಹೋದ ವಾರ ಅಪ್ಪ ಹುಬ್ಬಳ್ಳಿಗೆ ಬಂದಿದ್ದರು. ಚಿತ್ರದ ಮುಂದೆ ಕುರ್ಚಿ ಹಾಕಿಕೊಂಡು ಕೂತರು. ಕಾಲು ತಾನಾಗಿಯೇ ಮೇಲೆ ಕೆಳಗೆ ಆಡುತ್ತಿತ್ತು. ಎದ್ದು ಹೋಗಿ ಚೀಲದಿಂದ ಒಂದು ಪೊಟ್ಟಣ ತಂದು ಕೊಟ್ಟರು. ಸೂಜಿ ಮಲ್ಲಿಗೆಯ ಹಸಿರು ಖಣ, ಅಂಗಡಿಯಲ್ಲಿ ಮಡಿಸುವ ಹಾಗೆ ಮುಮ್ಮೂಲೆಯಾಗಿ ಮಡಿಸಿದ್ದು. ಅವರೇ ನೇಯ್ದ ಕೊನೆಯ ಪೈಕಿಯದು. ಮಡಿಕೆಯ ಗೆರೆಗುಂಟ ಹಸಿರು ಮಾಸಿ ಬಿಳುಪಾಗಿದೆ.

"ಇದನ್ನ ಯಾವ ಕಡಿ ಮಾಡಿ ಹಚ್ಚತಿ?" ಅಂತ ಕೇಳಿದರು.

ನಾನಿನ್ನೂ ಆ ಮಡಿಕೆ ಬಿಚ್ಚಿಲ್ಲ.