ಕಡೂರು ಕಡೆಯ ಕುರಿ ಉಣ್ಣೆಯಲ್ಲೇ ಫೆಲ್ಟ್ ಮಾಡಿದೆ

ಫೆಲ್ಟ್ ಅಂದರೆ ನೇಯದೆ, ಉಣ್ಣೆಯ ಎಳೆಗಳನ್ನು ಸೋಪಿನ ನೀರಲ್ಲಿ ಒತ್ತಿ, ಉರುಳಿಸಿ ಕೂಡಿಸಿದ ದಪ್ಪ ಹಾಳೆ. ನಮ್ಮ ಕುರಿ ಉಣ್ಣೆ ಕಂಬಳಿಗೆ ಸರಿ, ಫೆಲ್ಟ್‌ಗೆ ಆಗಲ್ಲ ಅಂತ ಹೇಳದವರೇ ಇಲ್ಲ. ಮೆರಿನೋ ಕುರಿಯ ನಯವಾದ ಉಣ್ಣೆ ತರಿಸು ಅಂದರು. ಕಿಲೋಗೆ 2,000ಕ್ಕೂ ಜಾಸ್ತಿ. ಇಲ್ಲಿ ಕತ್ತರಿಸಿದ ಉಣ್ಣೆ ಕೇಳುವವರಿಲ್ಲದೆ ಬೇಲಿ ಪಕ್ಕ ಬಿದ್ದಿರುವಾಗ ನಾನ್ಯಾಕೆ ಅಷ್ಟು ದುಡ್ಡು ಸುರಿಯಲಿ? ಈಗ ಅರ್ಧ ಇಂಚು ದಪ್ಪದ ಹಾಳೆ ಬರುತ್ತಿದೆ. ಇಬ್ಬರು ಹಿಡಿದು ಎಳೆದರೂ ಬಿಡಲ್ಲ.

ಮೊದಲ ಹಾಳೆಗಳು ಮೇಲೆ ಗಟ್ಟಿ, ಒಳಗೆ ಪೊಳ್ಳು. ಬೆರಳು ತೂರಿಸಿದರೆ ಪದರ ಬಿಚ್ಚಿಕೊಳ್ಳುತ್ತಿತ್ತು. ಸೋಪು, ಸೌದೆ, ಹಿಂಜುವ ಕೂಲಿ ಎಲ್ಲ ಸೇರಿ 9,000 ಹತ್ತಿರ ಹೋಯಿತು. ಉಣ್ಣೆ ಅಗ್ಗ ನಿಜ. ಆದರೆ ಕಿಲೋ ತೊಳೆದರೆ 600 ಗ್ರಾಂ ಕೈಗೆ ಬಂದರೆ ಪುಣ್ಯ. ಮಿಕ್ಕಿದ್ದು ಜಿಡ್ಡು, ಮಣ್ಣು, ಮುಳ್ಳು. ಸೋಪಿನ ಬದಲು ಅಂಟುವಾಳವನ್ನೂ ಹಾಕಿ ನೋಡಿದೆ. ಹಸಿ ಉಣ್ಣೆ ತೊಳೆಯಲು ಚೆನ್ನಾಗಿದೆ, ಎಳೆ ಕೂಡಿಸುವ ಕೆಲಸಕ್ಕೆ ನಿಧಾನ.

ಒಂದು ಹಿಡಿ ಉಣ್ಣೆಯನ್ನು ಬಿಸಿಲಿಗೆ ಹಿಡಿದಾಗ ಕಾರಣ ಕಂಡಿತು. ಸುಣ್ಣದ ಬಣ್ಣದ, ಗಿಡ್ಡ, ಒರಟು ಕೂದಲು. ಬಗ್ಗಿಸಿದರೆ ಪಟ್ಟಂತ ಮುರಿಯುತ್ತದೆ. ಈ ಸತ್ತ ಕೂದಲು ತಾನೂ ಹೆಣೆದುಕೊಳ್ಳಲ್ಲ, ಪಕ್ಕದ್ದಕ್ಕೂ ಬಿಡಲ್ಲ. ಅದನ್ನು ಕೈಯಲ್ಲೇ ಆರಿಸಿ ತೆಗೆಸಿದೆ. ಬೇಸರದ ಕೆಲಸ, ಕೂಲಿ ಜಾಸ್ತಿ, ಆದರೆ ಬೇರೆ ದಾರಿಯಿಲ್ಲ. ಜೊತೆಗೆ ಮರಿಗಳ ಮೊದಲ ಕತ್ತರಿಯ ಉಣ್ಣೆ ಮೂರರಲ್ಲಿ ಒಂದು ಪಾಲು ಬೆರೆಸಿದೆ. ನಾಲ್ಕು ದಪ್ಪ ಪದರದ ಬದಲು ಎಂಟು ತೆಳು ಪದರ, ಒಂದಕ್ಕೊಂದು ಅಡ್ಡ. ಮೊದಲು ಸುಮ್ನೆ ಅಂಗೈಯಲ್ಲಿ ಒತ್ತಬೇಕು, ಉಜ್ಜಬಾರದು. ಚಿವುಟಿದರೂ ಎಳೆ ಮೇಲೇಳದಷ್ಟು ಕೂಡಿಕೊಂಡ ಮೇಲೆ ಚಾಪೆಯಲ್ಲಿ ಸುತ್ತಿ ಉರುಳಿಸುವುದು. ಪ್ರತಿ ಸಲ ದಿಕ್ಕು ಬದಲಿಸಿ. ಕೊನೆಗೆ ಬಿಸಿನೀರಲ್ಲಿ ಅದ್ದಿ ಬಟ್ಟೆ ಒಗೆಯುವ ಕಲ್ಲಿಗೆ ಬಡಿಯುತ್ತೇನೆ. ಮೂರಡಿ ಹಾಳೆ ಎರಡಡಿ ಚಿಲ್ಲರೆಗೆ ಇಳಿಯುತ್ತದೆ. ಸೋಪಿನ ನೀರಿಗೆ ಇನ್ನೊಂದು ಹಾಕುತ್ತೇನೆ, ಅದನ್ನು ಇಲ್ಲಿ ಹೇಳಲ್ಲ. ಹೊಟ್ಟೆಪಾಡು ಅಲ್ವಾ.

ಮಧ್ಯೆ ಬಣ್ಣದ ಹುಚ್ಚು ಹಿಡಿಯಿತು. ಬಿಳಿ ಹಾಳೆಯನ್ನು ಅಡಿಕೆ ಚೊಗರಿನಲ್ಲಿ (ಅಡಿಕೆ ಬೇಯಿಸಿದ ನೀರು) ಕುದಿಸಿದೆ. ಇಟ್ಟಿಗೆಯ ಕಂದು ಬಂತು. ಅದೇ ಹಂಡೆಗೆ ತುಕ್ಕು ಹಿಡಿದ ಮೊಳೆ ಹಾಕಿದ್ದಕ್ಕೆ ಹೆಚ್ಚುಕಡಿಮೆ ಕಪ್ಪಾಯಿತು. ಒಗೆದರೂ ಹೋಗಿಲ್ಲ. ಕಂದೇ ನನಗೆ ಇಷ್ಟ.

ಕುರ್ಚಿಗೆ ಹಾಕುವ ಆಸನ ಒಂದಕ್ಕೆ ಸುಮಾರು 190 ಖರ್ಚು, ಅರ್ಧಕ್ಕಿಂತ ಜಾಸ್ತಿ ಆರಿಸುವ ಕೂಲಿಯೇ. ಚಿಕ್ಕಮಗಳೂರು ಬೆಟ್ಟದ ಕಡೆ ಹೋಂಸ್ಟೇಯವರು 450ಕ್ಕೆ ಒಯ್ಯುತ್ತಿದ್ದಾರೆ. ಆಗಲ್ಲ ಅಂದವರಲ್ಲಿ ಒಬ್ಬರು ಎರಡು ಕೊಂಡರು. ಮುಂದಿನ ಕತ್ತರಿಗೆ ಮರಿ ಉಣ್ಣೆಯನ್ನು ಬೇರೆ ಚೀಲದಲ್ಲಿ ಕಟ್ಟಿಡಿ ಅಂತ ಕುರಿಯವರಿಗೆ ಮುಂಗಡ ಕೊಟ್ಟಿದ್ದೇನೆ.